ಡೊಂಕು ಬಾಳೆಹಣ್ಣು ಮತ್ತು ಬ್ರಸೆಲ್ಸ್

ಪರದೇಶದ ಸುದ್ದಿ ಓದುವಾಗ ಅದು ನಿಜವೋ ಸುಳ್ಳೋ ಎಂದಷ್ಟೇ ಕೇಳುತ್ತೇವೆ. ವಾಕ್ಯದ ಕರ್ತೃ ಯಾರು ಎಂದು ಕೇಳುವುದಿಲ್ಲ. ವ್ಯಾಕರಣದ ತರಗತಿಯಲ್ಲಿ ಆಕಳಿಕೆ ತರಿಸುವ ಈ ಕರ್ತೃ-ಕರ್ಮಗಳು ಪತ್ರಿಕೆಯಲ್ಲಿ ಎಂಥ ಕೆಲಸ ಮಾಡುತ್ತವೆಂಬುದಕ್ಕೆ, ಬ್ರಿಟನ್ನಿನ ಪತ್ರಿಕೆಗಳು ಯುರೋಪಿಯನ್ ಒಕ್ಕೂಟವನ್ನು ಬಣ್ಣಿಸಿದ ರೀತಿಯೇ ಒಳ್ಳೇ ಉದಾಹರಣೆ ಎಂದು ನನಗನ್ನಿಸುತ್ತದೆ.

1994ರಲ್ಲಿ ಒಕ್ಕೂಟದ ಆಯೋಗ ಬಾಳೆಹಣ್ಣಿನ ಗುಣಮಟ್ಟದ ಬಗ್ಗೆ ಒಂದು ನಿಯಮ ಹೊರಡಿಸಿತು. ಹಣ್ಣು ಕನಿಷ್ಠ 14 ಸೆಂಟಿಮೀಟರ್ ಉದ್ದವಿರಬೇಕು, ವಿಪರೀತ ಡೊಂಕಾಗಿರಬಾರದು, ಹೀಗೆ. ಆಕಾರ ಸ್ವಲ್ಪ ಕೆಟ್ಟಿದ್ದರೆ ಕೆಳದರ್ಜೆಯಲ್ಲಿ ಮಾರಬಹುದಿತ್ತು. ನಮ್ಮ ಮಂಡಿ ವ್ಯಾಪಾರಿ ಹಣ್ಣು ಆರಿಸಿ ಬೇರೆ ಬೇರೆ ರಾಶಿ ಹಾಕುವುದಿಲ್ಲವೇ? ಅದನ್ನೇ ಕಾಗದದ ಮೇಲೆ ಬರೆದಿದ್ದರು, ಅಷ್ಟೇ. ಆದರೆ ಬ್ರಿಟನ್ನಿನ ಓದುಗನಿಗೆ ಮುಟ್ಟಿದ್ದು, ಡೊಂಕು ಬಾಳೆಹಣ್ಣನ್ನು ಬ್ರಸೆಲ್ಸ್ ನಿಷೇಧಿಸಿತು ಎಂಬ ಸುದ್ದಿ.

ಈ ವಾಕ್ಯವನ್ನು ಸ್ವಲ್ಪ ಬಿಡಿಸಿ ನೋಡಿ. ಕರ್ತೃ ಒಂದು ಊರು. ಊರಿಗೆ ಮುಖವಿಲ್ಲ, ಅದನ್ನು ಚುನಾವಣೆಯಲ್ಲಿ ಸೋಲಿಸಲಾಗದು. ಆಯೋಗ ಈ ನಿಯಮ ಮಾಡಿದ್ದು 1993ರ ಬಾಳೆಹಣ್ಣು ಮಾರುಕಟ್ಟೆ ಕಾಯಿದೆಯ ಆಧಾರದಲ್ಲಿ. ಆ ಕಾಯಿದೆ ಮಾಡಿದ್ದು ಸದಸ್ಯ ದೇಶಗಳ ಮಂತ್ರಿಗಳ ಮಂಡಳಿ. ಅಲ್ಲಿ ಬ್ರಿಟನ್ನಿಗೂ ಒಂದು ಕುರ್ಚಿಯಿತ್ತು! 'ಬ್ರಸೆಲ್ಸ್' ಎಂಬ ಒಂದೇ ಪದ ಆ ಕುರ್ಚಿಯನ್ನು ಮರೆಮಾಡಿತು. 'ನಾವೂ ಸೇರಿ ಮಾಡಿದ್ದು' ಎನ್ನುವುದು 'ಅವರು ನಮಗೆ ಮಾಡಿದ್ದು' ಎಂದಾಯಿತು. ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ ನೋಡಿ.

ಹಸಿ ಬೈಗುಳವೂ ಇತ್ತೆನ್ನಿ. 1990ರ ನವೆಂಬರ್ 1ರಂದು 'ದಿ ಸನ್' ಪತ್ರಿಕೆ ಆಯೋಗದ ಅಧ್ಯಕ್ಷ ಜಾಕ್ ದೆಲೋರ್ ಮೇಲೆ ಹಾಕಿದ ತಲೆಬರಹವನ್ನು ಕನ್ನಡಿಸಿ ಇಲ್ಲಿ ಹಾಕಿದರೆ ನಮ್ಮ ಮೇಷ್ಟ್ರು ಹಾಳೆ ಹರಿದಾರು. ಆದರೆ ಬೈಗುಳ ಮರುದಿನಕ್ಕೆ ಹಳತಾಗುತ್ತದೆ, ತಮಾಷೆ ಉಳಿಯುತ್ತದೆ. ಅದನ್ನು ಚೆನ್ನಾಗಿ ಅರಿತವರು 1989ರಿಂದ 1994ರವರೆಗೆ 'ಡೈಲಿ ಟೆಲಿಗ್ರಾಫ್'ಗೆ ಬ್ರಸೆಲ್ಸಿನಿಂದ ವರದಿ ಬರೆದ ಬೋರಿಸ್ ಜಾನ್ಸನ್. ಗೋಡೆಯಾಚೆ ಕಲ್ಲೆಸೆದು ಪಕ್ಕದ ಮನೆಯ ಗಾಜು ಒಡೆಯುವ ಸದ್ದು ಕೇಳಿದ ಹಾಗಿತ್ತು ಎಂಬರ್ಥದಲ್ಲಿ ಮುಂದೆ ಅವರೇ ಹೇಳಿಕೊಂಡರು.

1975ರ ಜನಮತಗಣನೆಯಲ್ಲಿ ದೊಡ್ಡ ಪತ್ರಿಕೆಗಳೆಲ್ಲ ಹೆಚ್ಚುಕಮ್ಮಿ ಯುರೋಪಿನ ಪರ ಇದ್ದವು; ಶೇಕಡಾ 67 ಜನ ಒಳಗಿರೋಣ ಎಂದರು. 2016ರ ಜೂನ್ 23ರಂದು ಶೇಕಡಾ 51.9 ಜನ ಹೊರಡೋಣ ಎಂದರು. ಇದನ್ನೆಲ್ಲ ಪತ್ರಿಕೆಗಳೇ ಮಾಡಿದವೆಂದರೆ ನಾನು ಒಪ್ಪುವುದಿಲ್ಲ. ವಲಸೆ, ಕೂಲಿ, ಪಾರ್ಲಿಮೆಂಟಿನ ಅಧಿಕಾರ, ಇವೆಲ್ಲ ಜನರಿಗೆ ನಿಜವಾದ ಪ್ರಶ್ನೆಗಳಾಗಿದ್ದವು. ಆದರೆ ಆ ಪ್ರಶ್ನೆಗಳಿಗೆ ಉತ್ತರ ಹುಡುಕುವ ಹೊತ್ತಿಗೆ, ತಪ್ಪಿತಸ್ಥನ ಹೆಸರು ಇಪ್ಪತ್ತೈದು ವರ್ಷದಿಂದ ಅಚ್ಚಾಗಿ ಸಿದ್ಧವಾಗಿತ್ತು.

ಅದೇ 2016ರ ಮೇ ತಿಂಗಳಲ್ಲಿ, ಸ್ಟಾಫರ್ಡ್‌ನ ಪ್ರಚಾರ ಸಭೆಯಲ್ಲಿ ಜಾನ್ಸನ್, ಎರಡು ಮೂರಕ್ಕಿಂತ ಹೆಚ್ಚು ಹಣ್ಣಿನ ಚಿಪ್ಪು ಮಾರಲು ಒಕ್ಕೂಟ ಬಿಡುವುದಿಲ್ಲ ಎಂದರು. ನಿಯಮದಲ್ಲಿ ಇದ್ದದ್ದು ಸಗಟು ವ್ಯಾಪಾರದ ಮಾತು. ಅದರ ಪ್ರಕಾರ ಚಿಪ್ಪಿನಲ್ಲಿ ಕನಿಷ್ಠ ನಾಲ್ಕು ಹಣ್ಣಿರಬೇಕಿತ್ತು.