ಬಿಲ್ಲಿನಲ್ಲಿ ಬರದ ವೆಚ್ಚ: ಮಾಂಸ, ಹಾಲು ಮತ್ತು ನಮ್ಮ ತಟ್ಟೆ

ನಮ್ಮ ಮಾಮುಗೆ ಮಟನ್ ಅಂಗಡಿ ಇದೆ. ಹಾಗಾಗಿ ತರಗತಿಯಲ್ಲಿ "ಮಾಂಸ ತಿನ್ನುವುದು ಸರಿಯೇ?" ಎಂಬ ಚರ್ಚೆ ಬಂದಾಗ ನಾನು ಹಿಂದೆ ಮುಂದೆ ನೋಡದೆ ಮಾಂಸದ ಪರ ನಿಂತೆ. ಎದುರು ಪಕ್ಷದ ಗೆಳತಿ ಹಾಲು, ಮೊಸರು, ತುಪ್ಪವನ್ನೂ ಬಿಟ್ಟವಳು. ಇಬ್ಬರೂ ಜೋರಾಗಿ ಮಾತಾಡಿದೆವು, ಯಾರೂ ಸೋಲಲಿಲ್ಲ. ಆಮೇಲೆ ನಮ್ಮ ಅರ್ಥಶಾಸ್ತ್ರದ ಒಂದು ಪಾಠವೇ ಈ ವಿಷಯವನ್ನು ನನಗೆ ಸರಿಯಾಗಿ ತೋರಿಸಿತು.

ವೀಗನ್ ಎಂದರೆ ಯಾರು?

ಸಸ್ಯಾಹಾರಿಗಳು ಹಾಲು ಕುಡಿಯುತ್ತಾರೆ. ವೀಗನ್‌ಗಳು ಹಾಲು, ಮೊಟ್ಟೆ, ಜೇನುತುಪ್ಪ ಹೀಗೆ ಪ್ರಾಣಿಯಿಂದ ಬರುವ ಯಾವುದನ್ನೂ ಸೇವಿಸುವುದಿಲ್ಲ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಜೊತೆಗಾರರು ಈ ಹೆಸರನ್ನು ಬಳಕೆಗೆ ತಂದರು.

ಪಾಠ ಹೇಳಿದ್ದೇನು?

ರಾಷ್ಟ್ರೀಯ ಆದಾಯದ ಅಧ್ಯಾಯದಲ್ಲಿ 'ಬಾಹ್ಯತೆ' ಎಂಬ ಪದ ಬರುತ್ತದೆ. ತೈಲ ಶುದ್ಧೀಕರಣ ಘಟಕ ನದಿಯನ್ನು ಕೆಡಿಸಿದರೆ ನಷ್ಟವಾಗುವುದು ಮೀನುಗಾರರಿಗೆ. ಆದರೆ ಆ ನಷ್ಟ ಕಂಪನಿಯ ಲೆಕ್ಕದಲ್ಲಿ ಇರುವುದಿಲ್ಲ. ಒಂದು ಕಿಲೋ ಮಟನ್ನಿಗೂ, ಒಂದು ಲೀಟರ್ ಹಾಲಿಗೂ ಹೀಗೆ ಬಿಲ್ಲಿನಲ್ಲಿ ಬರದ ವೆಚ್ಚ ಇದೆ.

ಪರಿಸರದ ಲೆಕ್ಕ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಕೊಟ್ಟ ಲೆಕ್ಕದಂತೆ, ಮನುಷ್ಯರಿಂದ ಹೊರಬೀಳುವ ಹಸಿರುಮನೆ ಅನಿಲಗಳಲ್ಲಿ ಶೇ. 14.5ರಷ್ಟು ಜಾನುವಾರು ಸಾಕಣೆಯದು. ದನ, ಎಮ್ಮೆ, ಕುರಿ, ಮೇಕೆಗಳು ಮೆಲುಕು ಹಾಕುವಾಗ ಹೊಟ್ಟೆಯಲ್ಲಿ ಮೀಥೇನ್ ಹುಟ್ಟಿ, ತೇಗಿನ ಮೂಲಕ ಹೊರಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದಂತೆ, ಜಗತ್ತಿನ ಕೃಷಿ ಭೂಮಿಯ ಶೇ. 83ರಷ್ಟನ್ನು ಪ್ರಾಣಿಜನ್ಯ ಆಹಾರವೇ ಬಳಸಿಕೊಳ್ಳುತ್ತದೆ. ಅದರಿಂದ ಸಿಗುವ ಕ್ಯಾಲೊರಿ ಶೇ. 18 ಮಾತ್ರ. ಇಲ್ಲಿ ಗೆಳತಿಯ ವಾದ ಗಟ್ಟಿಯಾಗಿದೆ.

ಆದರೆ ಜಗತ್ತಿನ ಸರಾಸರಿಯೇ ನಮ್ಮ ಲೆಕ್ಕವಲ್ಲ. ಅಮೆರಿಕದಲ್ಲಿ ತಲಾ ಮಾಂಸದ ಬಳಕೆ ವರ್ಷಕ್ಕೆ 100 ಕಿಲೋ ದಾಟುತ್ತದೆ, ಭಾರತದಲ್ಲಿ 10 ಕಿಲೋ ಕೂಡ ಇಲ್ಲ. ಉತ್ತರ ಕರ್ನಾಟಕದ ಕುರಿಗಳು ಕೊಯ್ಲಾದ ಹೊಲದ ಕೂಳೆ, ಒಣ ಹುಲ್ಲು ತಿಂದು ಬದುಕುತ್ತವೆ. ಗೊಬ್ಬರಕ್ಕಾಗಿ ರೈತರೇ ಹಿಂಡನ್ನು ರಾತ್ರಿ ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಹಾಗೆಂದು ಅವು ಮೀಥೇನ್ ಬಿಡುವುದಿಲ್ಲ ಎಂದಲ್ಲ. ನೀರು ನಿಲ್ಲಿಸಿದ ಭತ್ತದ ಗದ್ದೆಯಿಂದಲೂ ಮೀಥೇನ್ ಬರುತ್ತದೆ. ಪೂರ್ತಿ ನಿರ್ದೋಷಿ ತಟ್ಟೆ ಯಾರದ್ದೂ ಅಲ್ಲ.

ನ್ಯಾಯದ ಲೆಕ್ಕ

ಪೀಟರ್ ಸಿಂಗರ್ ಎಂಬ ತತ್ವಶಾಸ್ತ್ರಜ್ಞ 1975ರ ತಮ್ಮ ಪುಸ್ತಕದಲ್ಲಿ, ಪ್ರಾಣಿಯ ನೋವನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ವಾದಿಸಿದರು. ಇದು ನಮಗೆ ಹೊಸದಲ್ಲ. ಕತ್ತಿ ಹರಿತವಾಗಿರಬೇಕು, ಪ್ರಾಣಿಯ ಕಣ್ಣೆದುರು ಅದನ್ನು ಮಸೆಯಬಾರದು ಎಂದು ನಮ್ಮ ದೀನ್ ಕಲಿಸುತ್ತದೆ. ಮಾಂಸ ನಮಗೆ ಹಲಾಲ್, ಆದರೆ ದಿನಾ ತಿನ್ನುವುದು ಫರ್ಜ್ ಅಲ್ಲ.

ಈ ಬಗ್ಗೆ ಮಾಮುವನ್ನು ಕೇಳಿದೆ. "ಕತ್ತಿ ನನ್ನ ಕೈಯಲ್ಲಿದೆ ಬೇಟಾ, ಅದನ್ನು ಸರಿಯಾಗಿ ಇಡ್ತೀನಿ. ಸಂತೆಯಿಂದ ಗಾಡಿಯಲ್ಲಿ ಹೇಗೆ ತುಂಬಿಕೊಂಡು ಬರ್ತಾರೆ ಅನ್ನೋದು ನನ್ನ ಕೈಯಲ್ಲಿಲ್ಲ" ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಚರ್ಚೆಯಲ್ಲಿ ನಾನು ಈ ಮಾತನ್ನು ಹೇಳಿಯೇ ಇರಲಿಲ್ಲ.

ಹಾಲು ಕುಡಿಯುವವರೂ ಒಂದು ಮಾತು ಯೋಚಿಸಬೇಕು. ಎಮ್ಮೆ ಕರು ಹಾಕದೆ ಹಾಲು ಕೊಡುವುದಿಲ್ಲ. ಹುಟ್ಟುವ ಕರುಗಳಲ್ಲಿ ಸುಮಾರು ಅರ್ಧ ಗಂಡು. ಅವು ಮುಂದೆ ಎಲ್ಲಿಗೆ ಹೋಗುತ್ತವೆ? ಹಾಲು ಮತ್ತು ಮಾಂಸ ಎರಡೂ ಒಂದೇ ಖಾತೆಯ ಎರಡು ಪುಟಗಳು. ಹಾಗಾಗಿ ಒಬ್ಬರು ಇನ್ನೊಬ್ಬರ ಊಟದ ಡಬ್ಬಿ ನೋಡಿ ಮೂಗು ಮುರಿಯುವುದು ಸರಿಯಲ್ಲ.

ಆರೋಗ್ಯ ಮತ್ತು ಬದುಕು

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಮಾಂಸದಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಬೇಗ ಹಿಡಿಯುತ್ತದೆ. ವಿಟಮಿನ್ ಬಿ12 ಸಸ್ಯಜನ್ಯ ಆಹಾರದಲ್ಲಿ ಸಹಜವಾಗಿ ಸಿಗುವುದಿಲ್ಲ, ವೀಗನ್‌ಗಳು ಅದನ್ನು ಮಾತ್ರೆಯಿಂದಲೋ, ಬಿ12 ಸೇರಿಸಿದ ಆಹಾರದಿಂದಲೋ ಪಡೆಯಬೇಕು. ಹೀಗಿರುವಾಗ ಬಡವರ ಮಗುವಿನ ತಟ್ಟೆಯಿಂದ ಮೊಟ್ಟೆ ತೆಗೆಯಿರಿ ಎನ್ನುವುದು ನ್ಯಾಯವಲ್ಲ. ಕುರಿಗಾಹಿಗಳ, ನಮ್ಮ ಮಾಮುವಿನಂಥವರ ಬದುಕೂ ಈ ಲೆಕ್ಕದಲ್ಲಿ ಸೇರಬೇಕು.

ನನ್ನ ತೀರ್ಮಾನ

ಮೊದಲು ಕಡಿಮೆ ಮಾಡಬೇಕಾದವರು ಹೆಚ್ಚು ತಿನ್ನುವವರು. ಅದಕ್ಕೂ ಮೊದಲು ನಿಲ್ಲಬೇಕಾದದ್ದು ಚೆಲ್ಲುವುದು. ಮದುವೆಯಲ್ಲಿ ತಟ್ಟೆ ತುಂಬ ಬಿರಿಯಾನಿ ಹಾಕಿಸಿಕೊಂಡು ಅರ್ಧ ಬಿಟ್ಟೇಳುತ್ತೇವೆ. ಆ ಮಾಂಸಕ್ಕಾಗಿ ಭೂಮಿ, ನೀರು, ಒಂದು ಜೀವ ಎಲ್ಲವೂ ಖರ್ಚಾಗಿದೆ, ಯಾರ ಹೊಟ್ಟೆಯೂ ತುಂಬಿಲ್ಲ. ಇದೇ ಇಸ್ರಾಫ್.

ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಮಟನ್ ಇತ್ತು. ಅಮ್ಮಿಗೆ ಹೇಳಿ ಎರಡು ದಿನಕ್ಕೆ ಇಳಿಸಿದೆವು. "ನನ್ನ ಹೊಟ್ಟೆ ಮೇಲೇ ಹೊಡೀತೀಯಾ?" ಎಂದು ಮಾಮು ನಕ್ಕರು. ಅವರಿಗೆ ಕೊಡಲು ನನ್ನ ಬಳಿ ಇನ್ನೂ ಪೂರ್ತಿ ಉತ್ತರವಿಲ್ಲ.

ಸ್ನೇಹಿತರೇ, ಈ ವಾರ ನೀವೂ ಒಂದು ಲೆಕ್ಕ ಬರೆಯಿರಿ. ಮಾಂಸ, ಹಾಲು, ಅನ್ನ ಮನೆಗೆ ಎಷ್ಟು ಬಂತು, ಎಷ್ಟು ತಿಂದಿರಿ, ಎಷ್ಟು ಚೆಲ್ಲಿದಿರಿ? ಚರ್ಚೆಯನ್ನು ಆ ಲೆಕ್ಕದಿಂದ ಶುರು ಮಾಡೋಣ.