ಗೆದ್ದ ರಾತ್ರಿಯ ಅಂಕಪಟ್ಟಿ

ತಂಡ ಸೋತ ರಾತ್ರಿ ಆಟಗಾರರನ್ನು ಅಳೆಯುವುದು ದೊಡ್ಡ ಕೆಲಸವಲ್ಲ. ಯಾರು ಎಲ್ಲಿ ಎಡವಿದ ಅಂತ ಎಲ್ಲರೂ ಹುಡುಕುತ್ತಲೇ ಇರುತ್ತಾರೆ. ಲೆಕ್ಕ ತಪ್ಪುವುದು ಗೆದ್ದ ರಾತ್ರಿ. ಆವತ್ತು ಹನ್ನೊಂದು ಮಂದಿಯೂ ಹುಲಿಗಳೇ. ಎರಡು ಸಲ ಚೆಂಡು ಬಿಟ್ಟುಕೊಟ್ಟವನೂ ಹುಲಿ, ತೊಂಬತ್ತು ನಿಮಿಷ ಬೆವರೇ ಹರಿಸದವನೂ ಹುಲಿ.

ವಾಡಿಯಲ್ಲಿ ನಮ್ಮದೊಂದು ಗುಂಪಿದೆ. ಸಿಮೆಂಟ್ ಕಾರ್ಖಾನೆಯವರು, ರೈಲ್ವೆಯವರು, ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡಿಸುವ ಒಬ್ಬರು, ಚಿತ್ತಾಪುರದ ಮಾಸ್ತರ್ ಒಬ್ಬರು, ಸೇಡಂನಿಂದ ಪ್ಯಾಸೆಂಜರ್ ಹಿಡಿದು ಬರುವ ಇಬ್ಬರು. ಚಿಂಚೋಳಿಗೆ ರೈಲಿಲ್ಲ, ಅಲ್ಲಿಯ ಗೆಳೆಯ ಫೋನಿನಲ್ಲೇ ಹಾಜರಿ ಹಾಕುತ್ತಾನೆ. ನಾನು ಸಂಜೆ ಹೊತ್ತು ಶಾಲೆ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುವವನು. ಟಿವಿಯಲ್ಲಿ ಪಂದ್ಯ ಮುಗಿದ ಮೇಲೆ ಪ್ರತಿ ಆಟಗಾರನಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುವುದು ನಮ್ಮ ಚಟ. ಈ ಚಟದಿಂದ ಕಲಿತದ್ದು ಇಷ್ಟು:

1. ಮೊದಲು ಚೀಟಿ, ಆಮೇಲೆ ಮಾತು

ಕೊನೆಯ ಸೀಟಿ ಊದಿದ ಕೂಡಲೇ ಯಾರೋ ಒಬ್ಬರು "ಇವತ್ತ ಅವಂದೇ ಮ್ಯಾಚ್ ನೋಡ್ರಿ" ಅಂತ ಕೂಗಿದರೆ ಮುಗಿಯಿತು, ಉಳಿದವರೆಲ್ಲ ಅದೇ ಹಾದಿ. ದನಿ ದೊಡ್ಡದಿದ್ದವನ ಅಂಕವೇ ಗುಂಪಿನ ಅಂಕವಾಗುತ್ತದೆ. ಅದಕ್ಕೇ ನಮ್ಮಲ್ಲಿ ಕ್ಯಾಲೆಂಡರ್ ಹಾಳೆ ಹರಿದು ಎಲ್ಲರ ಕೈಗೂ ಒಂದೊಂದು ಚೀಟಿ ಕೊಡುತ್ತೇವೆ. ಬರೆದು ಮಡಚಿ ಇಡುವ ತನಕ ಚಾ ಇಲ್ಲ, ಮಿರ್ಚಿ ಭಜಿಯೂ ಇಲ್ಲ. ಚೀಟಿ ಬಿಚ್ಚಿದಾಗ ಒಬ್ಬನಿಗೇ ನಾಲ್ಕೂ ಬಿದ್ದಿರುತ್ತದೆ, ಎಂಟೂ ಬಿದ್ದಿರುತ್ತದೆ. ನಿಜವಾದ ಮಾತು ಶುರುವಾಗುವುದು ಅಲ್ಲಿಂದ.

2. ಗೋಲು ಹೊಡೆದವನಿಗಿಂತ ಮೊದಲು ಯಾರಿದ್ದರು ನೋಡಿ

2023ರ ಜುಲೈ 4, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್. ಕುವೈತ್ 14ನೇ ನಿಮಿಷಕ್ಕೇ ಮುಂದೆ ಹೋಗಿತ್ತು. 38ನೇ ನಿಮಿಷದಲ್ಲಿ ಭಾರತದ ಛಾಂಗ್ಟೆ ಸಮ ಮಾಡಿದ. ಮರುಪ್ರಸಾರದಲ್ಲಿ ಟಿವಿಯವರು ಛಾಂಗ್ಟೆಯ ಮುಖವನ್ನೇ ನಾಲ್ಕು ಕಡೆಯಿಂದ ತೋರಿಸಿದರು. ಆದರೆ ಆ ಗೋಲು ಹುಟ್ಟಿದ್ದು ಬೇರೆ ಕಡೆ. ಆಶಿಕ್‌ನಿಂದ ಚೆಟ್ರಿಗೆ, ಚೆಟ್ರಿಯಿಂದ ಸಹಲ್‌ಗೆ. ಸಹಲ್ ಪೆನಾಲ್ಟಿ ಪೆಟ್ಟಿಗೆಯೊಳಗೆ ನುಗ್ಗಿದ್ದನಲ್ಲ, ಆ ಓಟಕ್ಕೆ ಕುವೈತಿನ ರಕ್ಷಣೆ ಒಡೆಯಿತು. ತಾನೇ ಹೊಡೆಯುವ ಆಸೆಗೆ ಬೀಳದೆ ಚೆಂಡನ್ನು ಅಡ್ಡಕ್ಕೆ ತಳ್ಳಿದ. ಛಾಂಗ್ಟೆಗೆ ಉಳಿದದ್ದು ಕಾಲು ಚಾಚುವ ಕೆಲಸ.

ಹಾಗಂತ ಛಾಂಗ್ಟೆಯದು ಸಣ್ಣ ಕೆಲಸ ಅಂತ ನಾನು ಹೇಳುತ್ತಿಲ್ಲ. ಸರಿಯಾದ ಹೊತ್ತಿಗೆ ಅಲ್ಲಿಗೆ ಬಂದು ಮುಟ್ಟಬೇಕಲ್ಲ, ಅದೂ ಒಂದು ವಿದ್ಯೆಯೇ. ನಮ್ಮ ಚೀಟಿಗಳಲ್ಲಿ ಛಾಂಗ್ಟೆಯ ಅಂಕ ಹೆಚ್ಚುಕಡಿಮೆ ಒಂದೇ ಇತ್ತು, ಸಹಲ್‌ನದು ಮಾತ್ರ ಎಲ್ಲೆಲ್ಲಿಗೋ ಹರಡಿತ್ತು. ಪಂದ್ಯವನ್ನು ಯಾರು ನೋಡಿದರು, ಬರೀ ಗೋಲನ್ನು ಯಾರು ನೋಡಿದರು ಅನ್ನುವುದು ಅಲ್ಲೇ ಗೊತ್ತಾಯಿತು. ಈಗ ನಮ್ಮಲ್ಲಿ ಗೋಲಿನ ಹಿಂದಿನ ಮೂರು ಪಾಸ್ ಯಾರ್ಯಾರದು ಅಂತ ಹೇಳಲಾರದವನಿಗೆ ಆ ಗೋಲಿನ ಬಗ್ಗೆ ಮಾತಾಡುವ ಹಕ್ಕಿಲ್ಲ.

3. ಗೋಲ್‌ಕೀಪರನಿಗೆ ಎರಡು ಕಾಲಂ

ಇದು ನಮ್ಮಲ್ಲಿ ಇವತ್ತಿಗೂ ತೀರದ ವ್ಯಾಜ್ಯ. 2022ರ ಮಾರ್ಚ್ 20, ಭಾನುವಾರ. ಗೋವಾದ ಫತೋರ್ಡಾದಲ್ಲಿ ಐಎಸ್‌ಎಲ್ ಫೈನಲ್, ಹೈದರಾಬಾದ್ ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ನಮಗೂ ಹೈದರಾಬಾದಿಗೂ ಹಳೇ ನಂಟು. ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾಕಿದ್ದು 1874ರಲ್ಲಿ. 1956ರವರೆಗೆ ನಾವು ಹೈದರಾಬಾದ್ ರಾಜ್ಯದವರೇ. ಚಿತ್ತಾಪುರ, ಸೇಡಂ ಎರಡೂ ಆ ಸಿಕಂದರಾಬಾದ್ ಹಳಿಯ ಮೇಲಿನ ಊರುಗಳು. ಹಾಗಾಗಿ ಅರ್ಧ ಮಂದಿ ಹೈದರಾಬಾದಿನ ಕಡೆ. ರೈಲ್ವೆ ಕ್ವಾರ್ಟರ್ಸಿನ ಮಲಯಾಳಿ ಗೆಳೆಯರು ಹಳದಿ ಅಂಗಿ ಹಾಕಿಕೊಂಡೇ ಬಂದಿದ್ದರು. ಹೈದರಾಬಾದಿನ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ. ಹುಡುಗ ಗೋವಾದವನು, ಆದರೆ ಕಟ್ಟಿಮನಿ ಅನ್ನುವ ಅಡ್ಡಹೆಸರು ಕೇಳಿದ ಮೇಲೆ ನಮ್ಮ ಕಡೆಯವರು ಬಿಡುತ್ತಾರೆಯೇ? "ನಮ್ಮವನೇ ಅದಾನ್ರಿ" ಅಂತ ಮೊದಲರ್ಧದಲ್ಲೇ ನೆಂಟಸ್ತಿಕೆ ಬೆಳೆಸಿಬಿಟ್ಟಿದ್ದರು.

68ನೇ ನಿಮಿಷದಲ್ಲಿ ರಾಹುಲ್ ದೂರದಿಂದ ಹೊಡೆದ ಚೆಂಡು ಕಟ್ಟಿಮನಿಯ ಕೈಗೆ ತಾಗಿಯೂ ಒಳಗೆ ಹೋಯಿತು. ನೆಂಟಸ್ತಿಕೆ ಅಲ್ಲಿಗೆ ಕಡಿದುಬಿತ್ತು. ಪುಣ್ಯಕ್ಕೆ 88ನೇ ನಿಮಿಷದಲ್ಲಿ ಸಾಹಿಲ್ ತವೋರಾ ಚೆಂಡು ನೆಲಕ್ಕೆ ಬೀಳುವ ಮೊದಲೇ ಒದ್ದು ಸಮ ಮಾಡಿದ. ಪೆನಾಲ್ಟಿ ಶೂಟೌಟ್‌ನಲ್ಲಿ ಅದೇ ಕಟ್ಟಿಮನಿ ಲೆಸ್ಕೊವಿಚ್‌ನದು ಹಿಡಿದ, ನಿಶು ಕುಮಾರ್‌ನದು ಹಿಡಿದ, ಜೀಕ್ಸನ್‌ನದೂ ಹಿಡಿದ. ನಿಶುವಿನ ಮೊದಲ ಒದೆತ ಹಿಡಿದಾಗ ಗೆರೆ ಬಿಟ್ಟು ಮುಂದೆ ಬಂದಿದ್ದಾನೆ ಅಂತ ರೆಫರಿ ಮತ್ತೆ ಹೊಡೆಸಿದರು, ಅದನ್ನೂ ತಡೆದ. 3-1, ಕಪ್ಪು ಹೈದರಾಬಾದಿಗೆ. ನೆಂಟಸ್ತಿಕೆ ಮತ್ತೆ ಕೂಡಿಕೊಂಡಿತು.

ಈಗ ಹೇಳಿ, ಹತ್ತಕ್ಕೆ ಎಷ್ಟು? ಒಬ್ಬರು ಹತ್ತು ಬರೆದಿದ್ದರು. ಮಾಸ್ತರ್ ಬರೆದದ್ದು ಆರು. "ಆ ಚೆಂಡು ಹಿಡಿದಿದ್ರ ಪೆನಾಲ್ಟಿನೇ ಬರ್ತಿರಲಿಲ್ಲರಿ, ತೊಂಬತ್ತು ನಿಮಿಷದಾಗ ಮುಗೀತಿತ್ತು" ಅಂತ ಅವರ ವಾದ. ಮಾತು ಎಲ್ಲಿಗೆ ಹೋಯಿತೆಂದರೆ 2015ರ ಫೈನಲ್ ಎಳೆದು ತಂದರು. ಅದೂ ಫತೋರ್ಡಾದಲ್ಲೇ, ಗೋವಾ ಪರ ಆಡುತ್ತಿದ್ದ ಇದೇ ಕಟ್ಟಿಮನಿಯ ಕೈತಾಗಿ 90ನೇ ನಿಮಿಷದಲ್ಲಿ ಚೆಂಡು ಸ್ವಂತ ಬಲೆಗೆ ಬಿದ್ದು, ಚೆನ್ನೈಯಿನ್ 3-2ರಿಂದ ಗೆದ್ದಿತ್ತು. ಆರು ವರ್ಷದ ಹಳೇ ಬಾಕಿಯನ್ನು ಈ ಚೀಟಿಗೆ ಸೇರಿಸಬಾರದು ಅಂತ ನಾನು ಹಟ ಹಿಡಿದೆ. ಆದರೆ ಆಟದ ಅಂಕ, ಶೂಟೌಟಿನ ಅಂಕ ಬೇರೆ ಬೇರೆ ಇರಲಿ ಅನ್ನುವುದನ್ನು ಎಲ್ಲರೂ ಒಪ್ಪಿದರು. ನನ್ನ ಚೀಟಿಯಲ್ಲಿ ಕಟ್ಟಿಮನಿಗೆ ಆಟಕ್ಕೆ ಐದು, ಶೂಟೌಟಿಗೆ ಹತ್ತು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಆ ರಾತ್ರಿ ಏನಾಯಿತು ಅನ್ನುವುದೇ ಅಳಿಸಿಹೋಗುತ್ತದೆ.

4. ಎದುರಿಗೆ ಎಷ್ಟು ಜನ ಇದ್ದರು?

2019ರ ಮಾರ್ಚ್ 17ರ ಫೈನಲ್‌ನಲ್ಲಿ ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಪ್ಪು ತಂದದ್ದು 117ನೇ ನಿಮಿಷದ ರಾಹುಲ್ ಭೇಕೆಯ ಹೆಡರ್, ಡಿಮಾಸ್ ಹೊಡೆದ ಕಾರ್ನರ್‌ನಿಂದ. ಅಷ್ಟರಲ್ಲಾಗಲೇ ಗೋವಾದ ಜಾಹೂ ಕೆಂಪು ಕಾರ್ಡ್ ಪಡೆದು ಹೊರಗೆ ಹೋಗಿದ್ದ. ಹತ್ತು ಜನರ ಎದುರಿನ ಹದಿನೈದು ನಿಮಿಷಕ್ಕೂ ಹನ್ನೊಂದು ಜನರ ಎದುರಿನ ನೂರು ನಿಮಿಷಕ್ಕೂ ಒಂದೇ ತಕ್ಕಡಿ ಸಲ್ಲದು. ಭೇಕೆಯ ರಕ್ಷಣೆಯ ಆಟಕ್ಕೆ ಅಂಕ ಬರೆದು ಮುಗಿಸಿ, ಆಮೇಲೆ ಹೆಡರ್‌ಗೆ ಹೋಗಿ.

5. ಹೆಸರಿನ ಒಂದು ಅಂಕ ಕಳೆಯಿರಿ

ಸುನಿಲ್ ಚೆಟ್ರಿ ಸುಮ್ಮನೆ ನಿಂತಿದ್ದರೂ ನಮ್ಮ ಗುಂಪಿನಲ್ಲಿ ಆರಕ್ಕಿಂತ ಕೆಳಗೆ ಇಳಿಯುವುದಿಲ್ಲ. ಇದರ ತಿರುಗುಮುರುಗು ಏನು ಅಂತ ತಿಳಿದದ್ದು 2023ರ ಮಾರ್ಚ್ 4ರಂದು. ಸಂತೋಷ್ ಟ್ರೋಫಿ ಫೈನಲ್ ಆವತ್ತು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆಯಿತು. ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಕಪ್ಪು ಎತ್ತಿತು. ಹಿಂದಿನ ಸಲ ಗೆದ್ದಾಗ ರಾಜ್ಯದ ಹೆಸರೇ ಮೈಸೂರು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಾಮ್, ರಾಬಿನ್ ಯಾದವ್. ನಮ್ಮ ಕೋಣೆಯಲ್ಲಿ ಇವರ ಹಿಂದಿನ ಆಟ ಕಂಡವರು ಒಬ್ಬರೂ ಇರಲಿಲ್ಲ. ಅಂಗಿಯ ನಂಬರ್ ನೋಡಿ ಅಂಕ ಹಾಕಿದೆವು. ನಮ್ಮ ಚೀಟಿಗಳು ಇಷ್ಟು ಹತ್ತಿರಹತ್ತಿರ ಬಂದದ್ದು ಮತ್ತೆಂದೂ ಇಲ್ಲ. ರಾಬಿನ್ ಯಾದವ್‌ನ ಫ್ರೀಕಿಕ್ ಅಂತೂ ಯಾವ ಹೆಸರಿನ ಹಂಗೂ ಇಲ್ಲದೆ ತಾನೇ ಅಂಕ ಕೇಳುವಂಥದ್ದು. ನಮ್ಮ ರಾಜ್ಯದ ತಂಡವನ್ನು ನಂಬರ್ ನೋಡಿ ಗುರುತಿಸಬೇಕಾಯಿತಲ್ಲ ಅನ್ನುವುದು ಬೇರೆ ಸಂಕಟ.

6. ಗದ್ದಲದ ಗೋಲಿಗೆ ಮರುದಿನ ಅಂಕ

ಆ ಸಂತೋಷ್ ಟ್ರೋಫಿ ಫೈನಲ್‌ನ ಹಿಂದಿನ ರಾತ್ರಿಯೇ, ಮಾರ್ಚ್ 3ರಂದು, ಕಂಠೀರವದಲ್ಲಿ ಬೆಂಗಳೂರು ಮತ್ತು ಕೇರಳದ ಐಎಸ್‌ಎಲ್ ಪ್ಲೇಆಫ್. ಹೆಚ್ಚುವರಿ ಸಮಯದಲ್ಲಿ ಫ್ರೀಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಇನ್ನೂ ಗೋಡೆ ನಿಲ್ಲಿಸುತ್ತಿದ್ದ, ಚೆಟ್ರಿ ಒದ್ದೇಬಿಟ್ಟ. ಗೋಲು ಕೊಟ್ಟರು. ಕೇರಳದ ಆಟಗಾರರು ಮೈದಾನ ಬಿಟ್ಟು ನಡೆದರು. ನಮ್ಮ ಮಲಯಾಳಿ ಗೆಳೆಯರು ಕೋಣೆ ಬಿಡಲಿಲ್ಲ, ಭಜಿ ಇನ್ನೂ ಬಂದಿರಲಿಲ್ಲ. ಆದರೆ ಚೀಟಿ ಬರೆಯಲು ಯಾರ ಕೈಯೂ ಓಡಲಿಲ್ಲ. ಬೆಳಿಗ್ಗೆ ಬರೆದೆವು: ಚೆಟ್ರಿಯ ಚುರುಕುತನಕ್ಕೆ ಪೂರ್ತಿ ಅಂಕ, ಕೇರಳದ ರಕ್ಷಣೆ ಎಚ್ಚರ ತಪ್ಪಿದ್ದಕ್ಕೆ ಕಡಿತ. ರೆಫರಿಯ ವಿಚಾರ ಚೀಟಿಯಲ್ಲಿ ಇಲ್ಲ, ಅದು ಚಾ ಅಂಗಡಿಗೆ.

7. ಕಾರ್ಡಿನ ಬಾಕಿ

2016ರ ಅಕ್ಟೋಬರ್ 19. ಹಿಂದಿನ ವರ್ಷ ಎಎಫ್‌ಸಿ ಕಪ್ ಗೆದ್ದಿದ್ದ ಮಲೇಷ್ಯಾದ ಜೊಹೊರ್ ತಂಡವನ್ನು ಸೆಮಿಫೈನಲ್‌ನಲ್ಲಿ ಬೆಂಗಳೂರು 3-1ರಿಂದ ಬಡಿಯಿತು. ಚೆಟ್ರಿ ಎರಡು, ಹುವಾನನ್ ಒಂದು. ಆ ಕಪ್ಪಿನ ಫೈನಲ್ ಮುಟ್ಟಿದ ಭಾರತದ ಮೊದಲ ಕ್ಲಬ್ಬು. ಅಂಥ ರಾತ್ರಿ ಹಳದಿ ಕಾರ್ಡಿನ ಲೆಕ್ಕ ಯಾರಿಗೆ ಬೇಕು? ಗೋಲ್‌ಕೀಪರ್ ಅಮರಿಂದರ್ ಸಿಂಗ್ ಕಾರ್ಡಿನ ದೆಸೆಯಿಂದ ಫೈನಲ್ ಆಡುವಂತಿರಲಿಲ್ಲ. ನವೆಂಬರ್ 5ರಂದು ದೋಹಾದಲ್ಲಿ ಅವನ ಜಾಗಕ್ಕೆ ರಾಲ್ಟೆ ನಿಂತ. ಇರಾಕಿನ ತಂಡದ ಎದುರು ಬೆಂಗಳೂರು 0-1ರಿಂದ ಸೋತಿತು. ರಾಲ್ಟೆಯಿಂದಲೇ ಸೋತರು ಅನ್ನುವಂತಿಲ್ಲ. ಆದರೆ ಗೆದ್ದ ರಾತ್ರಿಯ ಚೀಟಿಯ ಮೂಲೆಯಲ್ಲಿ ಮುಂದಿನ ಪಂದ್ಯಕ್ಕೆ ಯಾರು ಇಲ್ಲ ಅಂತ ಬರೆದಿಡಬೇಕು. ಕುಂಟುತ್ತ ಹೊರಗೆ ಹೋದವನ ಹೆಸರೂ ಅಲ್ಲೇ ಬರಲಿ.

8. ಜಾಗಕ್ಕಲ್ಲ, ಒಪ್ಪಿಸಿದ ಕೆಲಸಕ್ಕೆ ಅಂಕ

ಹೈದರಾಬಾದಿನ ರಹೀಮ್ ಸಾಹೇಬರ ಹೆಸರು ನಮ್ಮ ಕಡೆಯ ಹಿರಿಯರ ಬಾಯಲ್ಲಿ ಇನ್ನೂ ಇದೆ. 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಕಟ್ಟಿದವರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಕೋಚ್ ಅವರೇ. ಡಿಫೆಂಡರ್ ಜರ್ನೈಲ್ ಸಿಂಗ್‌ನ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಮ್ ಅವನನ್ನು ಮುಂದೆ ಗೋಲು ಹೊಡೆಯಲು ನಿಲ್ಲಿಸಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು ಭಾರತ 2-1ರಿಂದ ಸೋಲಿಸಿದಾಗ ಎರಡನೇ ಗೋಲು ಅವನದೇ. "ಡಿಫೆಂಡರ್, ಹಿಂದೆ ಬರಲೇ ಇಲ್ಲ" ಅಂತ ಆ ಪಂದ್ಯಕ್ಕೆ ಯಾರಾದರೂ ಅಂಕ ಕಡಿದಿದ್ದರೆ ಹೇಗಿರುತ್ತಿತ್ತು? ವಿಂಗ್‌ನವನು ಇಡೀ ಹೊತ್ತು ಹಿಂದೆಯೇ ಓಡಿದರೆ ಬೈಯುವ ಮೊದಲು ಕೋಚ್ ಏನು ಹೇಳಿ ಕಳಿಸಿದ್ದಿರಬಹುದು ಅಂತ ಯೋಚಿಸಿ.

9. ನಮ್ಮ ಮೈದಾನದಲ್ಲಿ ಮರುಪ್ರಸಾರ ಇಲ್ಲ

ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಕ್ಯಾಮೆರಾ ಎಲ್ಲಿಂದ ಬರಬೇಕು? ನಮ್ಮ ಮೈದಾನಗಳು ಗರಸಿನವು. ಜಾರಿ ಚೆಂಡು ಕಸಿದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತದೆ. ಹೀಗಾಗಿ ಇಲ್ಲಿ ಒಳ್ಳೆಯ ಡಿಫೆಂಡರ್ ಎಂದರೆ ಕಾಲ ಮೇಲೆ ನಿಂತೇ ಕೆಲಸ ಮುಗಿಸುವವನು. ಚೆಂಡು ಒಮ್ಮೆ ಮೊಣಕಾಲೆತ್ತರ, ಒಮ್ಮೆ ಎದೆಯೆತ್ತರ ಪುಟಿಯುತ್ತದೆ. ಮೊದಲ ಸ್ಪರ್ಶ ಕೆಟ್ಟರೆ ಅರ್ಧ ತಪ್ಪು ಕಲ್ಲಿನದು. ಸಂಜೆ ಪಂದ್ಯದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತ ಗೋಲ್‌ಕೀಪರನಿಗೆ ಒಂದು ಅಂಕ ದಯೆಯಿಂದ ಕೊಡಿ.

ನಾನು ಮಾಡುವುದು ಇಷ್ಟೇ: ಹತ್ತು ನಿಮಿಷ ಚೆಂಡನ್ನು ನೋಡುವುದನ್ನೇ ಬಿಟ್ಟು ಒಬ್ಬ ಹುಡುಗನನ್ನು ಮಾತ್ರ ನೋಡುತ್ತೇನೆ. ಚೆಂಡು ತನ್ನ ಕಡೆ ಬರುವ ಮೊದಲು ಭುಜದ ಮೇಲಿಂದ ಹಿಂದೆ ತಿರುಗಿ ನೋಡಿದನೇ? ಪಾಸ್ ಕೊಟ್ಟ ಮೇಲೆ ನಿಂತನೇ, ಜಾಗ ಬದಲಿಸಿದನೇ? ಜೊತೆಗಾರ ಮುಂದೆ ಹೋದಾಗ ಅವನು ಬಿಟ್ಟ ಜಾಗ ಮುಚ್ಚಿದನೇ? ಹಿಂದೆ ತಿರುಗಿ ನೋಡುವ ಹುಡುಗರು ಒಂದು ತಂಡದಲ್ಲಿ ಇಬ್ಬರು ಸಿಕ್ಕರೆ ಹೆಚ್ಚು. 5-0ರಿಂದ ಗೆದ್ದ ದಿನವೂ ಅಷ್ಟೇ.

10. ಆಟಗಾರನಿಗೆ ಹೇಳುವಾಗ

ಗೆದ್ದ ಹುಡುಗನಿಗೆ "ಭಾರಿ ಆಡಿದಿ" ಅಂದರೆ ಅವನ ಕೈಗೆ ಏನೂ ಸಿಗುವುದಿಲ್ಲ. ಸೇಡಂನಲ್ಲಿ ಒಂದು ಪಂದ್ಯ ಗೆದ್ದು ರೈಲಿಗೆ ಕಾಯುತ್ತಿದ್ದಾಗ ನಮ್ಮ ರೈಟ್ ಬ್ಯಾಕ್ ಬಂದು ಕೇಳಿದ:

"ಹೆಂಗ ಆಡಿದ್ನಿ ಸರ್?"

"ಸೆಕೆಂಡ್ ಹಾಫ್‌ನ್ಯಾಗ ಅವರ ಹತ್ತು ನಂಬರಿನವ ಒಳಗ ಬಂದಾಗ ನೀ ಕಾಲು ಹಾಕಲಿಲ್ಲ, ಬರೇ ದಾರಿ ಮುಚ್ಚಿ ನಿಂತಿ. ಅದು ಬರೋಬ್ಬರಿ ಆತು. ಥ್ರೋ ಬಂದಾಗ ಮಾತ್ರ ನೀನೂ ಸ್ಟಾಪರೂ ಇಬ್ಬರೂ ಒಬ್ಬನ್ನೇ ಹಿಡಿದ್ರಿ, ಇನ್ನೊಬ್ಬ ಖಾಲಿ ಉಳಿದ."

"ಹಾಂ ಸರ್, ಅವ ಯಾಕ ಬಂದ ಆ ಕಡೆ?"

"ಅದನ್ನ ಅವನಿಗೇ ಕೇಳು ತಮ್ಮಾ."

ಸೀದಾ ಹೋಗಿ ಕೇಳಿದ. ಇಬ್ಬರೂ ಪ್ಲಾಟ್‌ಫಾರ್ಮಿನ ಮೇಲೆ ನೀರಿನ ಬಾಟಲಿ, ಬೂಟು ಇಟ್ಟು ಯಾರು ಎಲ್ಲಿದ್ದೆವು ಅಂತ ಜಗಳಕ್ಕೆ ನಿಂತರು. ಅಂಕ ಎಷ್ಟು ಅಂತ ಮಾತ್ರ ಇಬ್ಬರೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ, ಹತ್ತಕ್ಕೆ ಇಷ್ಟು ಅನ್ನುವುದೆಲ್ಲ ಟಿವಿಯಲ್ಲಿ ಆಡುವವರಿಗೆ.