ಮೂರು ವಾರವಾದರೂ ದನಿ ಮರಳದಿದ್ದರೆ...



ದನಿ ಒಡೆದಾಗ ನಾವೆಲ್ಲ ಕೂಡಲೇ ಒಂದು ಕಾರಣ ಹುಡುಕಿಬಿಡುತ್ತೇವೆ. ಜಾತ್ರೆಯಲ್ಲಿ ಕೂಗಿದ್ದು, ಕಬ್ಬಿನ ಹೊಲದ ಧೂಳು, ತಂಬಾಕಿನ ಘಾಟು. "ಗಂಟಲಾ ಕಟ್ಟೈತಿ, ನಾಕ ದಿನಕ್ಕ ಹೋಗತೈತಿ" ಎನ್ನುತ್ತೇವೆ. ಅನೇಕ ಸಲ ಈ ಮಾತು ನಿಜವೇ. ಆದರೆ ನಾಲ್ಕು ದಿನ ನಾಲ್ಕು ತಿಂಗಳಾದರೆ?

ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಉಸಿರು ಅವುಗಳ ನಡುವೆ ಹಾಯುವಾಗ ಅವು ಕಂಪಿಸಿ ಸ್ವರ ಹುಟ್ಟುತ್ತದೆ. ಮಾತನಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 120 ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ ಕಂಪಿಸುತ್ತವೆ. ಅವು ಊದಿಕೊಂಡರೆ, ಅವುಗಳ ಮೇಲೆ ಗಂಟು ಬೆಳೆದರೆ, ಅಥವಾ ಅವುಗಳನ್ನು ಆಡಿಸುವ ನರ ಸೋತರೆ ದನಿ ಕೆಡುತ್ತದೆ.

ನೆಗಡಿಯ ವೈರಸ್‌ನಿಂದ ಬಂದ ಊತ ಒಂದೆರಡು ವಾರದಲ್ಲಿ ಇಳಿಯುತ್ತದೆ. ಇದಕ್ಕೆ ಆಂಟಿಬಯೋಟಿಕ್ ಗುಳಿಗೆ ಬೇಕಿಲ್ಲ. ಮಾತು ಕಡಿಮೆ ಮಾಡಿ. ಪಿಸುಮಾತೂ ಬೇಡ, ಅದೂ ಗಂಟಲಿಗೆ ಶ್ರಮವೇ. ನೀರು ಚೆನ್ನಾಗಿ ಕುಡಿಯಿರಿ. ಬೀಡಿ, ಮದ್ಯ ಬಿಡಿ. ದಿನವಿಡೀ ಕೂಗಿ ಮಾರುವವರಲ್ಲಿ, ಪಾಠ ಹೇಳುವ ಶಿಕ್ಷಕರಲ್ಲಿ ತಂತುಗಳ ಮೇಲೆ ಸಣ್ಣ ಗಂಟುಗಳಾಗುವುದುಂಟು. ಹೊಟ್ಟೆಯ ಆಮ್ಲ ಮೇಲೇರುವುದು, ಕ್ಷಯ, ಥೈರಾಯ್ಡ್ ಶಸ್ತ್ರಕ್ರಿಯೆಯಲ್ಲಿ ನರಕ್ಕಾದ ಪೆಟ್ಟು ಇವೂ ಕಾರಣಗಳೇ.

ನಿಪ್ಪಾಣಿ ತಂಬಾಕಿನ ಪೇಟೆ. ಬೀಡಿ ನಮ್ಮಲ್ಲಿ ಅನೇಕರ ಅನ್ನ, ಹಲವರ ಚಟವೂ ಹೌದು. ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ಧೂಮಪಾನವೇ ದೊಡ್ಡ ಕಾರಣ. ಮದ್ಯವೂ ಜೊತೆಗೂಡಿದರೆ ಅಪಾಯ ಮತ್ತಷ್ಟು ಹೆಚ್ಚು. ಧ್ವನಿತಂತುವಿನ ಮೇಲೆ ಹುಟ್ಟಿದ ಕ್ಯಾನ್ಸರ್ ಆರಂಭದಲ್ಲೇ ಗೊಗ್ಗರು ದನಿಯ ಮೂಲಕ ಎಚ್ಚರಿಸುತ್ತದೆ. ನೋವು ಇರುವುದಿಲ್ಲ, ಆದ್ದರಿಂದಲೇ ನಾವು ಅಲಕ್ಷಿಸುತ್ತೇವೆ. ಆಗಲೇ ತೋರಿಸಿದರೆ ವಿಕಿರಣ ಚಿಕಿತ್ಸೆಯಿಂದ ಅಥವಾ ಸಣ್ಣ ಶಸ್ತ್ರಕ್ರಿಯೆಯಿಂದ ಬಹುತೇಕರು ಗುಣವಾಗುತ್ತಾರೆ, ದನಿಯೂ ಉಳಿಯುತ್ತದೆ. ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು. ಅಂಥವರೂ ಮತ್ತೆ ಮಾತನಾಡಲೆಂದು ಬೆಂಗಳೂರಿನ ಡಾ. ವಿಶಾಲ್ ರಾವ್ ಕಡಿಮೆ ಬೆಲೆಯ ಧ್ವನಿಸಾಧನ ರೂಪಿಸಿದ್ದಾರೆ. ಆದರೆ ದೇವರಿತ್ತ ದನಿಯನ್ನು ಉಳಿಸಿಕೊಳ್ಳುವುದೇ ಲೇಸಲ್ಲವೇ?

ಆದ್ದರಿಂದ ಇಷ್ಟನ್ನು ನೆನಪಿಡಿ:

1. ದನಿ ಒಡೆದು ಮೂರು ವಾರ ಮೀರಿದರೆ ಕಿವಿ-ಮೂಗು-ಗಂಟಲಿನ ತಜ್ಞರಿಗೆ ತೋರಿಸಿ. ಬೀಡಿ ಸೇದುವವರಂತೂ ಒಂದು ದಿನವೂ ಮುಂದೂಡಬೇಡಿ.

2. ಕುತ್ತಿಗೆಯಲ್ಲಿ ಗಡ್ಡೆ, ಕಫದಲ್ಲಿ ರಕ್ತ, ನುಂಗಲು ತೊಂದರೆ, ಕಾರಣವಿಲ್ಲದ ಕಿವಿನೋವು ಕಂಡರೆ ಮೂರು ವಾರವನ್ನೂ ಕಾಯಬೇಡಿ.

3. ಉಸಿರಾಡಲು ಕಷ್ಟ, ಉಸಿರೆಳೆಯುವಾಗ ಕರ್ಕಶ ಶಬ್ದ, ಉಗುಳನ್ನೂ ನುಂಗಲಾಗದ ಸ್ಥಿತಿ, ಅಥವಾ ಮಾತು ನಿಲ್ಲುವುದರೊಡನೆ ಮುಖ ಸೊಟ್ಟಗಾಗಿ ಕೈಕಾಲು ಸೋತರೆ ಆ ಗಳಿಗೆಯಲ್ಲೇ 108ಕ್ಕೆ ಕರೆಮಾಡಿ.

ತಪಾಸಣೆಗೆ ಹೆದರಬೇಕಿಲ್ಲ. ಕನ್ನಡಿಯಿಂದ ಇಲ್ಲವೇ ಕ್ಯಾಮೆರಾ ಇರುವ ಸಣ್ಣ ಕೊಳವೆಯಿಂದ ತಂತುಗಳನ್ನು ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಕಾಗವಾಡ, ಅಥಣಿಯವರಿಗೆ ಮಿರಜ ಹತ್ತಿರ.

ಫೆಬ್ರವರಿ 3ರಂದು ಸಂತ ಬ್ಲೇಸರ ಹಬ್ಬದಲ್ಲಿ ಗುರುಗಳು ಎರಡು ಮೇಣದ ಬತ್ತಿಗಳನ್ನು ಶಿಲುಬೆಯಾಗಿ ಹಿಡಿದು ನಮ್ಮ ಗಂಟಲನ್ನು ಆಶೀರ್ವದಿಸುತ್ತಾರೆ. ಸಂಪ್ರದಾಯದ ಪ್ರಕಾರ ಆ ಸಂತರು ಸ್ವತಃ ವೈದ್ಯರು. ಆಶೀರ್ವಾದ ಪಡೆದವರು ವೈದ್ಯರ ಬಾಗಿಲು ತಟ್ಟಿದರೆ ವಿಶ್ವಾಸಕ್ಕೆ ಕುಂದಿಲ್ಲ.

ಕೂಲಿ ತಪ್ಪುತ್ತದೆಂದು ದುಡಿಯುವವರು ತಮ್ಮ ಕಷ್ಟ ಹೇಳಿಕೊಳ್ಳುವುದಿಲ್ಲ. ಆದ್ದರಿಂದ ಇಂದು ಊಟಕ್ಕೆ ಕುಳಿತಾಗ ಮನೆಯವರ ದನಿಯನ್ನು ಕಿವಿಗೊಟ್ಟು ಕೇಳಿರಿ. ಯಾರ ದನಿಯಾದರೂ ಬಹಳ ದಿನದಿಂದ ಬದಲಾಗಿದ್ದರೆ, ನೀವೇ ಜೊತೆಗೆ ಹೊರಡಿರಿ.